ಮಗುವಿನ ಜೊತೆ ಬೆಳೆಯುವ ಸ್ವೆಟರ್: ಕತ್ತಿನಿಂದ ಕೆಳಕ್ಕೆ ಹೆಣೆಯುವ ವಿಧಾನ

ಕೂಸಿಗೆ ಸ್ವೆಟರ್ ಹೆಣೆಯುವವರಲ್ಲಿ ಹೆಚ್ಚಿನವರು ಕೆಳಗಿನ ಬಾರ್ಡರಿನಿಂದ ಶುರುಮಾಡುತ್ತಾರೆ. ಬೆನ್ನು, ಎರಡು ಮುಂಭಾಗ, ಎರಡು ತೋಳು ಎಲ್ಲವನ್ನೂ ಬೇರೆ ಬೇರೆ ಹೆಣೆದು ಕೊನೆಗೆ ಜೋಡಿಸಿ ಹೊಲಿಯುತ್ತಾರೆ. ದೊಡ್ಡವರ ಸ್ವೆಟರಿಗೆ ಇದು ಸರಿಯೇ. ಮಗುವಿನದಾದರೆ ಮುಂದಿನ ಚಳಿಗಾಲಕ್ಕೆ ಅದು ಗಿಡ್ಡವಾಗುತ್ತದೆ, ಉದ್ದ ಮಾಡೋಣವೆಂದರೆ ದಾರಿಯಿಲ್ಲ. ಏಕೆಂದರೆ ಹೆಣಿಗೆ ಸಲೀಸಾಗಿ ಬಿಚ್ಚಿಕೊಳ್ಳುವುದು ಮುಗಿಸಿದ ತುದಿಯಿಂದ, ಶುರುಮಾಡಿದ ತುದಿಯಿಂದಲ್ಲ. ಕತ್ತಿನಿಂದ ಕೆಳಕ್ಕೆ ಹೆಣೆದರೆ ಮುಗಿಯುವ ತುದಿ ಸೊಂಟದಲ್ಲೂ ತೋಳಿನ ಬಾಯಲ್ಲೂ ಇರುತ್ತದೆ. ಮಗು ಉದ್ದವಾಗುವುದೂ ಅಲ್ಲೇ ಅಲ್ಲವೇ? ಬಾರ್ಡರ್ ಬಿಚ್ಚಿ, ನಾಲ್ಕು ಬೆರಳು ಹೆಣೆದು, ಮತ್ತೆ ಬಾರ್ಡರ್ ಹಾಕಿದರೆ ಇನ್ನೊಂದು ಚಳಿಗಾಲ ಕಳೆಯುತ್ತದೆ.

ಇಲ್ಲಿ ಕೊಟ್ಟಿರುವುದು 6 ತಿಂಗಳ ಮಗುವಿನ, ಮುಂದೆ ಗುಂಡಿ ಇರುವ ಸ್ವೆಟರಿನ ಲೆಕ್ಕ. ಮೈಯ ಸುತ್ತಳತೆ ಗುಂಡಿ ಹಾಕಿದಾಗ ಸುಮಾರು 49 ಸೆಂ.ಮೀ. ಆರು ತಿಂಗಳ ಮಗುವಿನ ಎದೆ ಸಾಮಾನ್ಯವಾಗಿ 43 ಸೆಂ.ಮೀ. ಆಸುಪಾಸು, ಒಂದೂವರೆ ವರ್ಷಕ್ಕೆ 48. ಅಂದರೆ ಮೊದಲ ವರ್ಷ ಸಡಿಲ, ಎರಡನೇ ವರ್ಷ ಸರಿಯಾಗಿ ಮೈಗೆ. ಅಗಲ ತಾಳುತ್ತದೆ, ಉದ್ದ ಮಾತ್ರ ಸೇರಿಸಿಕೊಳ್ಳಬೇಕು.

ಆಗತಾನೇ ಹುಟ್ಟಿದ ಕೂಸಿನ ಅಳತೆಗೆ ಹೆಣೆಯಬೇಡಿ. ಎರಡು ತಿಂಗಳಲ್ಲಿ ಅದು ಹಿಡಿಯದಾಗುತ್ತದೆ. ಡಿಸೆಂಬರ್ ತಿಂಗಳಲ್ಲಿ ಮಗುವಿಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಲೆಕ್ಕ ಹಾಕಿ ಅಳತೆ ಆರಿಸಿ. ಜೂನ್‌ನಲ್ಲಿ ಹುಟ್ಟುವ ಮಗುವಿಗೆ ಈ ಲೆಕ್ಕ ಹೇಳಿ ಮಾಡಿಸಿದ್ದು. ಜನವರಿಯಲ್ಲಿ ಹುಟ್ಟಿದ್ದಕ್ಕೆ ಮುಂದೆ ಹೇಳಿರುವ ದೊಡ್ಡ ಅಳತೆಯನ್ನೇ ಹಿಡಿಯಿರಿ.

ನೂಲು

ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಕೈಗೆ ಬರುವುದು ಬಹುಪಾಲು ಅಕ್ರಿಲಿಕ್. ಮಗುವಿಗೆ ಅದೇನೂ ಕೆಟ್ಟದ್ದಲ್ಲ: ಚುಚ್ಚುವುದಿಲ್ಲ, ದಿನಾ ಒಗೆದರೂ ತಡೆಯುತ್ತದೆ, ಬೇಗ ಒಣಗುತ್ತದೆ. ಆದರೆ ಏನು ಕೊಳ್ಳುತ್ತಿದ್ದೇವೆ ಎಂದು ಗೊತ್ತಿರಬೇಕು. ಚೀಟಿ ಇಲ್ಲದ ನೂಲಾದರೆ ಒಂದು ತುಣುಕನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ನಿಜವಾದ ಉಣ್ಣೆ ಹೆಚ್ಚು ಬೆಚ್ಚಗೆ. ಆದರೆ ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಕುಗ್ಗಿ ಕಂಬಳಿಯಂತೆ ದಡ್ಡುಗಟ್ಟುತ್ತದೆ. ಹೊರದೇಶದಲ್ಲಿರುವ ಮೊಮ್ಮಗುವಿಗೆ ಹೆಣೆದು ಕಳಿಸುವವರು ಇದನ್ನು ನೆನಪಿಡಿ: ಅಲ್ಲಿ ಎಲ್ಲ ಬಟ್ಟೆಯೂ ಮೆಷಿನ್ನಿಗೆ, ಅಲ್ಲಿಂದ ಡ್ರೈಯರಿಗೆ ಹೋಗುತ್ತದೆ. ಅಕ್ರಿಲಿಕ್ ಕಳಿಸಿ, ಇಲ್ಲವೇ ಮೆಷಿನ್ನಿನಲ್ಲಿ ಒಗೆಯಬಹುದು ಎಂದು ಚೀಟಿಯಲ್ಲಿ ಬರೆದಿರುವ ಉಣ್ಣೆಯನ್ನೇ ಹುಡುಕಿ. ನಮ್ಮ ದಖ್ಖನಿ ಕುರಿಯ ಉಣ್ಣೆ ಚಳ್ಳಕೆರೆಯ ಕಂಬಳಿಗೆ ಚೆನ್ನ, ಕೂಸಿನ ಕತ್ತಿಗೆ ಒರಟು. ಮಂಗಳೂರು, ಕಾರವಾರದ ಕಡೆಯವರಿಗೆ ಹತ್ತಿ ನೂಲು ಸಾಕು, ಆದರೆ ಅದಕ್ಕೆ ಜಗ್ಗುವ ಗುಣವಿಲ್ಲ, ಬಾರ್ಡರ್ ಬೇಗ ಸಡಿಲಾಗುತ್ತದೆ.

'4 ಪ್ಲೈ' ಎಂಬ ಮಾತನ್ನು ನಂಬಿ ಕೊಳ್ಳಬೇಡಿ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎಂಬುದಷ್ಟೆ, ದಪ್ಪ ಎಷ್ಟೆಂದು ಅದು ಹೇಳುವುದಿಲ್ಲ. ಉಂಡೆಯ ಚೀಟಿಯ ಮೇಲೆ ಒಂದು ಚೌಕದ ಚಿತ್ರವಿರುತ್ತದೆ. ಅದರಲ್ಲಿ 4 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 22 ಕುಣಿಕೆ ಎಂದಿದ್ದರೆ ಈ ಲೆಕ್ಕಕ್ಕೆ ಸರಿಹೋಗುವ ನೂಲು ಅದೇ. ಸ್ವೆಟರಿಗೆ 150 ಗ್ರಾಂ ಸಾಕು, ಮುಂದಿನ ವರ್ಷ ಉದ್ದ ಮಾಡಲು 50 ಗ್ರಾಂ ಸೇರಿಸಿ ಒಟ್ಟು 200 ಗ್ರಾಂ ಒಂದೇ ಸಲ ತನ್ನಿ. ಎಲ್ಲ ಉಂಡೆಯ ಲಾಟ್ ನಂಬರ್ ಒಂದೇ ಇರಲಿ. ಬಣ್ಣದ ನಂಬರ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ವ್ಯತ್ಯಾಸ ಹಗಲಿನ ಬೆಳಕಲ್ಲಿ ಎದ್ದು ಕಾಣುತ್ತದೆ.

ಕಡ್ಡಿ

ನಂಬರಿನ ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ನಮ್ಮಲ್ಲಿ ಹಿಂದಿನಿಂದ ಬಂದಿರುವುದು ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ 4 ಮಿ.ಮೀ., 10ನೇ ನಂಬರ್ 3.25 ಮಿ.ಮೀ. ಅಮೆರಿಕದ ನಂಬರ್ ಇದಕ್ಕೆ ತದ್ವಿರುದ್ಧ. ಅವರ 8 ಅಂದರೆ 5 ಮಿ.ಮೀ., 10 ಅಂದರೆ 6 ಮಿ.ಮೀ. ಅಲ್ಲಿನ ವಿಡಿಯೊ ನೋಡಿ ಇಲ್ಲಿನ ನಂಬರಿನ ಕಡ್ಡಿ ತಂದರೆ ಸ್ವೆಟರ್ ಗೊಂಬೆಗಾಗುತ್ತದೆ. ಯಾವಾಗಲೂ ಮಿಲಿಮೀಟರ್ ಕೇಳಿ.

ಈ ಸ್ವೆಟರಿಗೆ 8ನೇ ನಂಬರ್ ಮತ್ತು 10ನೇ ನಂಬರ್, ಎರಡೂ ವೈರ್ ಇರುವ ಸರ್ಕ್ಯುಲರ್ ಕಡ್ಡಿಗಳೇ ಬೇಕು, ಉದ್ದ 80 ಸೆಂ.ಮೀ. ದುಂಡಗೆ ಸುತ್ತಿ ಹೆಣೆಯಲು ಅಲ್ಲ. ಒಂದು ಹಂತದಲ್ಲಿ 178 ಕುಣಿಕೆ ಕಡ್ಡಿಯ ಮೇಲಿರುತ್ತವೆ, ನೇರ ಕಡ್ಡಿಯಲ್ಲಿ ಅವು ಹಿಡಿಸದೆ ತುದಿಯಿಂದ ಜಾರುತ್ತವೆ. ವೈರ್ ಕಡ್ಡಿಯಲ್ಲೂ ಒಂದು ಸಾಲು ಮುಗಿಸಿ, ತಿರುಗಿಸಿ, ಹಿಂದಕ್ಕೆ ಹೆಣೆಯಬಹುದು. ತೂಕವೆಲ್ಲ ಮಡಿಲಿನ ಮೇಲೆ ಕೂರುವುದರಿಂದ ಮಣಿಕಟ್ಟೂ ನೋಯುವುದಿಲ್ಲ. ಇವಲ್ಲದೆ ನಾಲ್ಕು ಗುರುತಿನ ಉಂಗುರ ಬೇಕು, ಬೇರೆ ಬಣ್ಣದ ದಾರವನ್ನು ಉಂಗುರದಂತೆ ಗಂಟು ಹಾಕಿದರೂ ನಡೆಯುತ್ತದೆ. ಮೊಂಡು ತುದಿಯ ದಪ್ಪ ಸೂಜಿ ಒಂದು, ಸುಮಾರು 12 ಮಿ.ಮೀ.ನ ಚಪ್ಪಟೆ ಗುಂಡಿ ಐದು.

ಮಾದರಿ ತುಂಡು

ಎಲ್ಲರೂ ಬಿಟ್ಟುಬಿಡುವ ಕೆಲಸ ಇದು, ಆಮೇಲೆ ಪೂರ್ತಿ ಸ್ವೆಟರ್ ಬಿಚ್ಚುವಂತೆ ಮಾಡುವುದೂ ಇದೇ. 8ನೇ ನಂಬರಿನಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾದಂತೆ 36 ಸಾಲು ಹೆಣೆಯಿರಿ. ವಿಡಿಯೊಗಳಲ್ಲಿ ಇವನ್ನೇ ನಿಟ್, ಪರ್ಲ್ ಎನ್ನುತ್ತಾರೆ. ಒದ್ದೆ ಮಾಡಿ, ಒಣಗಿಸಿ, ಅಂಚು ಬಿಟ್ಟು ನಡುವೆ 10 ಸೆಂ.ಮೀ. ಅಳೆಯಿರಿ. 22 ಕುಣಿಕೆ, 30 ಸಾಲು ಬರಬೇಕು.

24 ಬಂದರೆ ನಿಮ್ಮ ಕೈ ಬಿಗಿ. ಹಾಗೇ ಮುಂದುವರಿದರೆ 49 ಸೆಂ.ಮೀ. ಆಗಬೇಕಿದ್ದ ಸ್ವೆಟರ್ 45 ಆಗುತ್ತದೆ. ಮಗುವಿನ ಎದೆ 43 ಇರುವಾಗ ಒಳಗೆ ಅಂಗಿ ಹಾಕಿದರೆ ಗುಂಡಿಯೇ ಬೀಳದು. 20 ಬಂದರೆ 54 ದಾಟಿ ಹೆಗಲಿಂದ ಜಾರುತ್ತದೆ. ಬಿಗಿಯಾದರೆ ದಪ್ಪ ಕಡ್ಡಿ, ಸಡಿಲಾದರೆ ಸಣ್ಣ ಕಡ್ಡಿ ತೆಗೆದುಕೊಳ್ಳಿ. ಬೇಕೆಂದೇ ಬಿಗಿಯಾಗಿ ಅಥವಾ ಸಡಿಲವಾಗಿ ಹೆಣೆಯಲು ನೋಡಬೇಡಿ, ಹತ್ತು ಸಾಲಾದ ಮೇಲೆ ಕೈ ತನ್ನ ದಾರಿಗೇ ಬರುತ್ತದೆ. ಕುಣಿಕೆ ಸರಿಹೋಗಿ ಸಾಲು ಮಾತ್ರ ಒಂದೆರಡು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಉದ್ದವನ್ನು ಟೇಪ್ ಹಿಡಿದು ನೋಡಿಕೊಳ್ಳಬಹುದು.

ಕತ್ತು ಮತ್ತು ಹೆಗಲು

ಕತ್ತಿನ ಅಂಚು ಬಿಗಿಯಾದರೆ ಮಗುವಿಗೆ ಉಸಿರು ಕಟ್ಟಿದಂತಾಗುತ್ತದೆ. ಅದಕ್ಕೇ ಕುಣಿಕೆ ಹಾಕಿಕೊಳ್ಳುವುದು 8ನೇ ನಂಬರಿನಲ್ಲಿ, ಹೆಣೆಯುವುದು 10ನೇ ನಂಬರಿನಲ್ಲಿ. ಹೆಬ್ಬೆರಳು-ತೋರುಬೆರಳಿನ ನಡುವೆ ದಾರ ಹಿಡಿದು ಹಾಕುವ ವಿಧಾನಕ್ಕೆ ಒಂದೂಕಾಲು ಮೀಟರ್ ಬಾಲ ಬಿಟ್ಟುಕೊಂಡು 66 ಕುಣಿಕೆ ಹಾಕಿ. ನಾಲ್ಕು ಸಾಲು ಪೂರ್ತಿ ಸೀದಾ. 1ನೇ ಸಾಲು ಹೊರಮೈ. ಹಾಗಾಗಿ ಎಲ್ಲ ಬೆಸ ಸಾಲುಗಳೂ ಹೊರಮೈಯವು.

ಎರಡು ಅಂಚಿನ ಐದೈದು ಕುಣಿಕೆ ಗುಂಡಿಪಟ್ಟಿ. ಅವನ್ನು ಕೊನೆಯವರೆಗೂ ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಬೇಕು. ಉಲ್ಟಾ ಸಾಲಿನಲ್ಲಿ ಇದನ್ನು ಮರೆಯುವುದು ಸುಲಭ. ಮೊದಲ ಮತ್ತು ಕೊನೆಯ ಐದರ ಪಕ್ಕ ಒಂದೊಂದು ಸೇಫ್ಟಿ ಪಿನ್ ಸಿಕ್ಕಿಸಿಟ್ಟರೆ ಕೈ ತಾನೇ ನಿಲ್ಲುತ್ತದೆ.

ಕಾಜಾ 3, 19, 35, 51, 67ನೇ ಸಾಲಿನಲ್ಲಿ, ಅಂದರೆ 16 ಸಾಲಿಗೊಂದು. ಮೇಲಿಂದ ಕೆಳಕ್ಕೆ ಹೆಣೆಯುವಾಗ ಹೊರಮೈ ಸಾಲು ಶುರುವಾಗುವುದು ಮಗುವಿನ ಎಡ ಮುಂಭಾಗದಿಂದ. ವಾಡಿಕೆಯಂತೆ ಗಂಡುಮಗುವಿಗೆ ಕಾಜಾ ಎಡಕ್ಕೆ, ಸಾಲಿನ ಆರಂಭದಲ್ಲಿ: 2 ಸೀದಾ, ದಾರವನ್ನು ಮುಂದೆ ತಂದು ಕಡ್ಡಿಗೆ ಒಂದು ಸುತ್ತು, 2 ಕುಣಿಕೆ ಒಟ್ಟಿಗೆ ಸೀದಾ, 1 ಸೀದಾ. ಹೆಣ್ಣುಮಗುವಿಗೆ ಬಲಕ್ಕೆ, ಸಾಲಿನ ಕೊನೆಯ ಐದರಲ್ಲಿ: 1 ಸೀದಾ, 2 ಒಟ್ಟಿಗೆ, ಸುತ್ತು, 2 ಸೀದಾ. ಹೆರಿಗೆಗೆ ಮುಂಚೆಯೇ ಹೆಣೆಯುವುದಾದರೆ ಯಾವ ಕಡೆಗಾದರೂ ಮಾಡಿ. ಆರು ತಿಂಗಳ ಕೂಸಿನ ಗುಂಡಿ ಎಡಕ್ಕೋ ಬಲಕ್ಕೋ ಎಂದು ನೋಡುವವರಿಗೆ ಬೇರೆ ಕೆಲಸವಿಲ್ಲ ಎಂದುಕೊಳ್ಳಿ.

5ನೇ ಸಾಲಿಗೆ 8ನೇ ನಂಬರಿಗೆ ಬದಲಿಸಿ. ಕುಣಿಕೆಗಳನ್ನು 13, 8, 24, 8, 13 ಎಂದು ಭಾಗ ಮಾಡಿ ನಡುವೆ ನಾಲ್ಕು ಉಂಗುರ ಹಾಕಿ: ಎಡ ಮುಂಭಾಗ, ತೋಳು, ಬೆನ್ನು, ತೋಳು, ಬಲ ಮುಂಭಾಗ. ಇದೇ ಸಾಲಿನಿಂದ ಹೆಚ್ಚಿಸುವುದು ಶುರು. ಉಂಗುರಕ್ಕೆ ಒಂದು ಕುಣಿಕೆ ಇರುವಾಗ ಅದರಲ್ಲಿ ಮುಂದಿನಿಂದ ಒಮ್ಮೆ ಸೀದಾ ಹೆಣೆದು, ಎಡಗಡ್ಡಿಯಿಂದ ಇಳಿಸದೆ ಅದೇ ಕುಣಿಕೆಯ ಹಿಂದಿನ ಕಾಲಿಗೆ ಕಡ್ಡಿ ತೂರಿಸಿ ಇನ್ನೊಮ್ಮೆ ಸೀದಾ ಹೆಣೆಯಿರಿ. ಒಂದು ಎರಡಾಯಿತು. ಉಂಗುರ ದಾಟಿಸಿ, ಮುಂದಿನ ಕುಣಿಕೆಯಲ್ಲೂ ಹೀಗೇ. ನಾಲ್ಕು ಉಂಗುರದ ಎರಡೂ ಬದಿ ಸೇರಿ ಸಾಲಿಗೆ 8 ಹೆಚ್ಚುತ್ತದೆ. 6ನೇ ಸಾಲು ಉಲ್ಟಾ, ಪಟ್ಟಿ ಮಾತ್ರ ಸೀದಾ. ಈ ಎರಡು ಸಾಲನ್ನೇ 14 ಬಾರಿ ಮಾಡಿ. 31ನೇ ಸಾಲಿಗೆ ಹೆಚ್ಚಿಸುವುದು ಮುಗಿಯುತ್ತದೆ, 32 ಉಲ್ಟಾ.

ಮೊದಲ ಹೆಚ್ಚಳದ ನಂತರ 74, ಏಳನೆಯದರ ನಂತರ 122, ಹದಿನಾಲ್ಕಕ್ಕೆ 178 ಕುಣಿಕೆ ಇರಬೇಕು. ಲೆಕ್ಕ ತಪ್ಪಿದರೆ ಪೂರ್ತಿ ಎಣಿಸುತ್ತ ಕೂರಬೇಡಿ, ಉಂಗುರದಿಂದ ಉಂಗುರಕ್ಕೆ ಎಣಿಸಿ. ಎರಡು ತೋಳು ಸಮ ಇಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ಅಲ್ಲೇ ತಿಳಿಯುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ಬೇಕಿದ್ದರೆ 16 ಬಾರಿ ಹೆಚ್ಚಿಸಿ. ಆಗ 194 ಕುಣಿಕೆ, ಸುತ್ತಳತೆ 53 ಸೆಂ.ಮೀ., ಮುಂದಿನ ಲೆಕ್ಕದಲ್ಲಿ ಮುಂಭಾಗ 29, ತೋಳು 40, ಬೆನ್ನು 56. ಹೆಗಲಿನ ಸಾಲು ನಾಲ್ಕು ಹೆಚ್ಚುವುದರಿಂದ ಇಲ್ಲಿಂದ ಮುಂದಿನ ಸಾಲಿನ ನಂಬರಿಗೆಲ್ಲ ನಾಲ್ಕು ಕೂಡಿಸಿಕೊಳ್ಳಿ. ನೂಲು ಸ್ವೆಟರಿಗೇ 200 ಗ್ರಾಂ ಹಿಡಿಯುತ್ತದೆ.

ಮುಂದಕ್ಕೆ ಹೋಗುವ ಮುಂಚೆ ದಪ್ಪ ಸೂಜಿಯಲ್ಲಿ ಬೇರೆ ಬಣ್ಣದ ನುಣುಪು ದಾರ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಯೊಳಗೂ ಹಾಯಿಸಿಬಿಡಿ. ಮುಂದೆ ಏನೇ ಕೆಟ್ಟರೂ ಕಡ್ಡಿ ಎಳೆದು ಬಿಚ್ಚಿದಾಗ ಹೆಣಿಗೆ ಈ ದಾರದ ಹತ್ತಿರ ನಿಲ್ಲುತ್ತದೆ. ಈ ಹಂತದಲ್ಲೇ ಮಗುವಿನ ಹೆಗಲ ಮೇಲೆ ಹೊದಿಸಿ ನೋಡಿ. ಓರೆ ಗೆರೆ ಕಂಕುಳ ತನಕ ಮುಟ್ಟಬೇಕು. ಒಂದು ಬೆರಳು ಕಡಿಮೆಯಿದ್ದರೆ ಹೆಚ್ಚಿಸದೆ ಎರಡು ಸಾಲು ಹೆಣೆದು ಮುಂದುವರಿಯಿರಿ.

ಮೈ

33ನೇ ಸಾಲಿನಲ್ಲಿ ತೋಳು ಬೇರೆಯಾಗುತ್ತದೆ. 27 ಕುಣಿಕೆ ಹೆಣೆಯಿರಿ. ಮುಂದಿನ 36 ಕುಣಿಕೆಯನ್ನು ಹೆಣೆಯದೆ ದಾರಕ್ಕೆ ಪೋಣಿಸಿ ಗಂಟು ಹಾಕಿ ಬಿಡಿ. ಬಲಗಡ್ಡಿಗೆ ಹೆಬ್ಬೆರಳಿಂದ 4 ಹೊಸ ಕುಣಿಕೆ ಹಾಕಿ, ಇದು ಕಂಕುಳು. ಬೆನ್ನಿನ 52 ಹೆಣೆಯಿರಿ. ಇನ್ನೊಂದು ತೋಳಿನ 36 ದಾರಕ್ಕೆ, ಮತ್ತೆ 4 ಹೊಸದು, ಕೊನೆಯ 27. ಕಡ್ಡಿಯ ಮೇಲೆ ಈಗ 114. ಉಂಗುರಗಳನ್ನು ತೆಗೆದುಬಿಡಿ.

66ನೇ ಸಾಲಿನವರೆಗೆ ನೇರ ಹೆಣಿಗೆ, ಏನೂ ಇಲ್ಲ. ಸಂಜೆ ಅಡುಗೆಯ ನಡುವೆ, ಮಕ್ಕಳ ಹೋಮ್‌ವರ್ಕ್ ನೋಡುತ್ತ ಕೈಗೆತ್ತಿಕೊಳ್ಳಬಹುದಾದ ಭಾಗ ಇದು. ಅಭ್ಯಾಸವಿರುವ ಕೈಗೆ ಒಂದು ಸಾಲಿಗೆ ಐದು ನಿಮಿಷ ಸಾಕು. ಗುಂಡಿಪಟ್ಟಿ ಪಕ್ಕದ ಹೆಣಿಗೆಗಿಂತ ಸ್ವಲ್ಪ ಮೇಲಕ್ಕೆ ಎಳೆದಂತೆ ಕಾಣುತ್ತದೆ, ಪೂರ್ತಿ ಸೀದಾ ಹೆಣೆದ ಭಾಗದ ಗುಣವೇ ಅದು. ಒಗೆದು ಹರಡುವಾಗ ಜಗ್ಗಿ ನೇರ ಮಾಡಿದರೆ ಹೋಗುತ್ತದೆ.

67ನೇ ಸಾಲಿಗೆ 10ನೇ ನಂಬರ್ ಕಡ್ಡಿ. ಪಟ್ಟಿ ಬಿಟ್ಟು ಒಂದು ಸೀದಾ ಒಂದು ಉಲ್ಟಾ. ಬೆನ್ನಿನ ನಡುವೆ ಒಂದು ಕಡೆ ಎರಡನ್ನು ಒಟ್ಟಿಗೆ ಹೆಣೆದು ಒಂದು ಕುಣಿಕೆ ಕಡಿಮೆ ಮಾಡಿ. ಹಾಗೆ ಮಾಡಿದರೆ ಪಟ್ಟಿಗಳ ನಡುವೆ 103 ಉಳಿದು ಬಾರ್ಡರ್ ಎರಡೂ ಕಡೆ ಸೀದಾ ಕುಣಿಕೆಯಿಂದಲೇ ಮುಗಿಯುತ್ತದೆ. ಒಂಬತ್ತು ಸಾಲು. ಮುಚ್ಚುವಾಗ ಬಲಗೈಗೆ 8ನೇ ನಂಬರ್ ಕಡ್ಡಿ ಹಿಡಿಯಿರಿ. ಬಿಗಿಯಾಗಿ ಮುಚ್ಚಿದ ಅಂಚು ಡೈಪರಿನ ಮೇಲೆ ಏರಿ ಕೂರುತ್ತದೆ. ಉಳಿದ ಬಾಲವನ್ನು ಮುಂಭಾಗದ ಕೆಳಮೂಲೆಯಲ್ಲಿ, ಪಟ್ಟಿಯ ಒಳಬದಿಗೆ ತೂರಿಸಿ. ಮುಂದಿನ ವರ್ಷ ಬಿಚ್ಚಲು ಹುಡುಕಬೇಕಾದ ತುದಿ ಇದೇ, ಸ್ವೆಟರಿನ ಚೀಟಿಯಲ್ಲಿ ಬರೆದಿಡಿ.

ತೋಳು

ದಾರದಲ್ಲಿರುವ 36 ಕುಣಿಕೆಯನ್ನು 8ನೇ ನಂಬರಿಗೆ ಏರಿಸಿಕೊಳ್ಳಿ. ಕಂಕುಳಿನ ನಾಲ್ಕು ಕುಣಿಕೆಯ ನಡುವಿನಿಂದ ಹೊಸ ದಾರ ಹಿಡಿದು 2 ಕುಣಿಕೆ ಎತ್ತಿ, 36 ಹೆಣೆದು, ಇನ್ನೊಂದು ಬದಿಯಿಂದ 2 ಎತ್ತಿ. ಒಟ್ಟು 40. ಕಂಕುಳಿನ ಮೂಲೆಯಲ್ಲಿ ತೂತು ಬೀಳುವುದು ಎಲ್ಲರ ದೂರು. ತೋಳಿನ ಕುಣಿಕೆಯೂ ಹೊಸದಾಗಿ ಎತ್ತಿದ ಕುಣಿಕೆಯೂ ಸೇರುವಲ್ಲಿ ದಾರ ಜಗ್ಗಿರುತ್ತದೆ, ಅದಕ್ಕೇ ಹಾಗೆ. ಆ ಸಂದಿನಿಂದ ಒಂದು ಹೆಚ್ಚುವರಿ ಕುಣಿಕೆಯನ್ನು ತಿರುಚಿ ಎತ್ತಿಕೊಂಡು ಪಕ್ಕದ್ದರ ಜೊತೆ ಒಟ್ಟಿಗೆ ಹೆಣೆದರೆ ತೂತು ಮುಚ್ಚುತ್ತದೆ.

ಒಂದು ಸಾಲು ಸೀದಾ, ಒಂದು ಉಲ್ಟಾ. ಪ್ರತಿ 8ನೇ ಸಾಲಿಗೆ ಎರಡೂ ಅಂಚಿನಲ್ಲಿ ಒಂದೊಂದು ಕಡಿಮೆ ಮಾಡಿ, ನಾಲ್ಕು ಬಾರಿ. 32 ಉಳಿಯುತ್ತದೆ. ಮತ್ತೆ 8 ಸಾಲು ನೇರ. ಆಮೇಲೆ 10ನೇ ನಂಬರಿನಲ್ಲಿ 9 ಸಾಲು ಬಾರ್ಡರ್, ಸಡಿಲವಾಗಿ ಮುಚ್ಚಿ. ಕಂಕುಳಿನಿಂದ ಒಟ್ಟು 16 ಸೆಂ.ಮೀ. ಬರುತ್ತದೆ. ತೋಳಿನ ಬದಿ ಹೊಲಿಯಲು ಹೊರಮೈಯಿಂದಲೇ, ಒಂದು ಅಂಚಿನ ಅಡ್ಡ ಎಳೆ, ಎದುರಿನ ಅಂಚಿನ ಅಡ್ಡ ಎಳೆ ಹೀಗೆ ಏಣಿಯಂತೆ ಎತ್ತುತ್ತ ಹೋಗಿ ಆಮೇಲೆ ಎಳೆದು ಬಿಗಿ ಮಾಡಿ. ಎರಡು ತೋಳಿನ ಸಾಲು ಎಣಿಸಿ ಸಮ ಮಾಡಿ, ಟೇಪ್ ನಂಬಬೇಡಿ. ಜಗ್ಗುವ ಬಟ್ಟೆ ಟೇಪಿಗೆ ಬೇಕಾದಂತೆ ಸುಳ್ಳು ಹೇಳುತ್ತದೆ.

ಅರ್ಧಕ್ಕೆ ಬಿಟ್ಟು ಎದ್ದಾಗ

ಇಡೀ ಸ್ವೆಟರಿನಲ್ಲಿ ಸುಮಾರು 12,000 ಕುಣಿಕೆ. ಮನೆಯಲ್ಲಿ ಮಗು ಇರುವಾಗ ಒಂದೇ ಕೂರುವಿಕೆಯಲ್ಲಿ ನೂರೈವತ್ತು ಆದರೆ ದೊಡ್ಡದು. ಆದ್ದರಿಂದ ಈ ಕೆಲಸದಲ್ಲಿ ನಿಲ್ಲಿಸುವುದೂ ಮತ್ತೆ ಹಿಡಿಯುವುದೂ ಹೆಣೆಯುವಷ್ಟೇ ಮುಖ್ಯ.

ಸಾಲಿನ ನಡುವೆ ಎದ್ದು ಹೋಗಿ, ಬಂದು ಎತ್ತಿಕೊಂಡಾಗ ಆಗುವ ತಪ್ಪು ಒಂದೇ: ತಿರುಗಿಸಿ ಹಿಡಿಯುವುದು. ಉಂಡೆಗೆ ಹೋಗುವ ದಾರ ಯಾವ ಕಡ್ಡಿಯ ಕೊನೆಯ ಕುಣಿಕೆಯಿಂದ ಇಳಿದಿದೆಯೋ ಆ ಕಡ್ಡಿ ಬಲಗೈಯಲ್ಲಿರಬೇಕು. ಎಡಗೈಯಲ್ಲಿ ಹಿಡಿದು ಶುರುಮಾಡಿದರೆ ಬಂದ ದಾರಿಯಲ್ಲೇ ವಾಪಸು ಹೊರಟಿರುತ್ತೀರಿ. ಆ ಜಾಗದಲ್ಲಿ ಒಂದು ತೂತು, ಒಂದು ಬದಿ ಎರಡು ಸಾಲು ಹೆಚ್ಚು. ಕಾಣುವುದು ಮಾತ್ರ ನಾಲ್ಕು ಬೆರಳು ಹೆಣೆದ ಮೇಲೆ.

ಪ್ರತಿ ಸಲ ಹಿಡಿದಾಗ ಅಂಚಿನ ಕುಣಿಕೆ ನೋಡಿ. ಸಾಲು ಶುರುಮಾಡುವಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಕೆಳಗಿನ ಸಾಲು ಮೇಲೆದ್ದು ಒಂದು ಕುಣಿಕೆ ಎರಡರಂತೆ ಕಾಣುತ್ತದೆ. ಎರಡನ್ನೂ ಹೆಣೆದುಬಿಟ್ಟರೆ ಕುಣಿಕೆ ತಾನಾಗಿ ಹೆಚ್ಚುತ್ತ ಹೋಗುತ್ತದೆ. ಹೊಸಬರ ಹೆಣಿಗೆ ಮೇಲೆ ಹೋದಂತೆ ಅಗಲವಾಗುವುದು ಬಹುತೇಕ ಇದರಿಂದಲೇ. ಜಾರಿದ ಕುಣಿಕೆಯನ್ನು ಮತ್ತೆ ಏರಿಸುವಾಗ ಅದರ ಬಲಗಾಲು ಕಡ್ಡಿಯ ಮುಂದೆ ಬರಬೇಕು. ತಿರುಚಿ ಕೂತರೆ ಅದೊಂದು ಕುಣಿಕೆ ಬಿಗಿಯಾಗಿ ಗೆರೆಯಂತೆ ಕಾಣುತ್ತದೆ.

ಸಾಲಿನ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಚೀಟಿಯಲ್ಲಿ 1ರಿಂದ 75 ಬರೆದುಕೊಂಡು, ಸಾಲು ಮುಗಿದ ಮೇಲೆ ಹೊಡೆದುಹಾಕಿ, ಕಾಜಾದ ನಂಬರುಗಳಿಗೆ ಮೊದಲೇ ಸುತ್ತು ಹಾಕಿಡಿ. ಉಂಡೆಯನ್ನು ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಉರುಳುವುದಿಲ್ಲ, ಅಂಬೆಗಾಲಿನ ಮಗುವಿನ ಕೈಗೂ ಸಿಗುವುದಿಲ್ಲ. ಎದ್ದು ಹೋಗುವಾಗ ಕಡ್ಡಿಯ ಎರಡು ತುದಿಗೂ ರಬ್ಬರ್ ಬ್ಯಾಂಡ್ ಸುತ್ತಿ, ಎತ್ತರದಲ್ಲಿಡಿ. ಕಡ್ಡಿಯ ಮೊನೆ, ಉದ್ದ ದಾರ ಎರಡೂ ಮಗುವಿಗೆ ಅಪಾಯ.

ದಾರ ಮುಗಿದಾಗ ಗಂಟು ಹಾಕಬೇಡಿ, ಗಂಟು ಒಗೆದಂತೆ ಹೊರಮೈಗೆ ಬರುತ್ತದೆ. ಹೊಸ ಉಂಡೆಯನ್ನು ಸಾಲಿನ ಆರಂಭದಲ್ಲಿ ಸೇರಿಸಿ, ಎರಡೂ ಬಾಲ ಒಂದೊಂದು ಗೇಣು ಬಿಟ್ಟು, ಕೊನೆಗೆ ಸೂಜಿಯಿಂದ ಒಳಮೈಯಲ್ಲಿ ಒಂದು ದಿಕ್ಕಿಗೆ ತೂರಿಸಿ, ಮತ್ತೆ ವಾಪಸು ತೂರಿಸಿ ಕತ್ತರಿಸಿ. ಅಕ್ರಿಲಿಕ್ ನುಣುಪು, ಒಂದೇ ದಿಕ್ಕಿಗೆ ತೂರಿಸಿದ್ದು ಹೊರಗೆ ಬರುತ್ತದೆ. ತೋಳಿನೊಳಗೆ ಸಡಿಲ ಎಳೆ ಉಳಿಯಕೂಡದು; ಕೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದು ನಿಲ್ಲುತ್ತದೆ.

ತೊಡಿಸುವ ಮುಂಚೆ

ಗುಂಡಿಯನ್ನು ಉಲ್ಲನ್‌ನಿಂದ ಹೊಲಿಯಬೇಡಿ, ಗಟ್ಟಿ ಹೊಲಿಗೆ ದಾರದಿಂದ ಹೊಲಿಯಿರಿ. ಪಟ್ಟಿಯ ಒಳಬದಿಗೆ ಸಣ್ಣ ಬಟ್ಟೆ ತುಂಡು ಇಟ್ಟು ಸೇರಿಸಿ ಹೊಲಿದರೆ ಮಗು ಬಾಯಲ್ಲಿಟ್ಟು ಎಳೆದರೂ ಕಿತ್ತು ಬರುವುದಿಲ್ಲ. ವಾರಕ್ಕೊಮ್ಮೆ ಎಳೆದು ನೋಡಿ, ಸಡಿಲಾದ ಗುಂಡಿ ಗಂಟಲಿಗೆ ಹೋಗುವ ವಸ್ತು. ಕತ್ತಿಗೆ ಕಟ್ಟುವ ದಾರ, ಅದರ ತುದಿಗೆ ಉಲ್ಲನ್ ಚೆಂಡು, ಇವು ಬೇಡವೇ ಬೇಡ.

ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು, ಹಿಂಡದೆ ಒತ್ತಿ ನೀರು ತೆಗೆಯಿರಿ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಆಮೇಲೆ ಇನ್ನೊಂದು ಟವೆಲ್ ಹಾಸಿ ಅದರ ಮೇಲೆ ಆಕಾರ ಸರಿಮಾಡಿ ಹರಡಿ. ತಂತಿಯ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಜೋಲುತ್ತದೆ. ಅಕ್ರಿಲಿಕ್ಕಿಗೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ, ಒಮ್ಮೆ ಸೋತ ನೂಲು ಮತ್ತೆ ಪುಟಿಯದು.

ಬಾಣಂತಿ ಕೋಣೆಯಲ್ಲಿ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ಇರುವ ಮನೆಗಳಲ್ಲಿ ಒಂದು ಎಚ್ಚರ: ಕೆಂಡದ ಹತ್ತಿರ ಹೋಗುವ ಮುಂಚೆ ಅಕ್ರಿಲಿಕ್ ಸ್ವೆಟರ್, ಕುಲಾವಿ ತೆಗೆದುಬಿಡಿ. ಕಿಡಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಮಲಗಿಸುವಾಗಲೂ ದಪ್ಪ ಸ್ವೆಟರ್ ಬೇಡ. ಬೆಂಗಳೂರಿನ ಚಳಿಗೆ ಮುಚ್ಚಿದ ಕೋಣೆಯಲ್ಲಿ ಹತ್ತಿ ಬಟ್ಟೆಯ ಎರಡು ಪದರ ಸಾಕು. ಕತ್ತಿನ ಹಿಂಬದಿ ಬೆವತಿದ್ದರೆ ಹೊದಿಕೆ ಹೆಚ್ಚಾಯಿತೆಂದೇ ಅರ್ಥ.

ಫೆಬ್ರವರಿ ಕೊನೆಗೆ ಎತ್ತಿಡುವಾಗ ನುಸಿಗುಳಿಗೆ ಹಾಕಬೇಡಿ. ನ್ಯಾಫ್ತಲೀನ್ ತಗುಲಿದ ಬಟ್ಟೆಯಿಂದ ಕೂಸಿನ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು, ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಿಗಂತೂ ಅದು ಪ್ರಾಣಕ್ಕೇ ಬರುತ್ತದೆ. ಅಕ್ರಿಲಿಕ್ ಅನ್ನು ನುಸಿ ತಿನ್ನುವುದೂ ಇಲ್ಲ. ಉಣ್ಣೆಯಾದರೆ ಒಗೆದು, ಬಿಸಿಲಿಗೆ ಹಾಕಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ಉಳಿದ 50 ಗ್ರಾಂ ನೂಲು, ಉಂಡೆಯ ಚೀಟಿ, ಸಾಲಿನ ಲೆಕ್ಕದ ಕಾಗದ ಅದೇ ಚೀಲದಲ್ಲಿರಲಿ.

ಮುಂದಿನ ಚಳಿಗಾಲಕ್ಕೆ

ನವೆಂಬರಿನಲ್ಲಿ ತೊಡಿಸಿ ನೋಡಿ, ಮಣಿಕಟ್ಟಿಗೆ ಎಷ್ಟು ಕಡಿಮೆಯಿದೆ ಎಂದು ಅಳೆಯಿರಿ. ಸಾಮಾನ್ಯವಾಗಿ 4 ಸೆಂ.ಮೀ. ಬೇಕಾಗುತ್ತದೆ, ಅಂದರೆ 12 ಸಾಲು.

ಬಿಚ್ಚುವ ಮುಂಚೆಯೇ ಕುಣಿಕೆ ಹಿಡಿದುಕೊಳ್ಳಿ. ಬಾರ್ಡರಿನ ಪಕ್ಕದ ಕೊನೆಯ ನೇರ ಸಾಲಿನಲ್ಲಿ ಪ್ರತಿ ಕುಣಿಕೆಯ ಬಲಗಾಲಿನೊಳಗೆ 10ನೇ ನಂಬರ್ ಕಡ್ಡಿಯನ್ನು ಹಾಯಿಸುತ್ತ ಹೋಗಿ, 114 ಇದೆಯೇ ಎಣಿಸಿ. ಆಮೇಲೆ ಕೆಳಮೂಲೆಯ ಬಾಲ ಹುಡುಕಿ ಬಿಡಿಸಿ ಬಾರ್ಡರ್ ಎಳೆಯಿರಿ. ಕಡ್ಡಿಯ ಹತ್ತಿರ ಬಂದು ತಾನೇ ನಿಲ್ಲುತ್ತದೆ. ಉಳಿಸಿಟ್ಟ ನೂಲು ಸೇರಿಸಿ 8ನೇ ನಂಬರಿನಲ್ಲಿ 12 ಸಾಲು, ನಡುವೆ ಒಂದು ಕಾಜಾ, ಮತ್ತೆ 9 ಸಾಲು ಬಾರ್ಡರ್. ಬಾರ್ಡರಿನ ಮೊದಲ ಸಾಲಿನಲ್ಲಿದ್ದ ಹಳೆಯ ಕಾಜಾವೂ ಬಿಚ್ಚಿಹೋಗಿರುತ್ತದೆ, ಅದನ್ನು ಹೊಸ ಬಾರ್ಡರಿನಲ್ಲಿ ಮತ್ತೆ ಹಾಕಲು ಮರೆಯಬೇಡಿ. ತೋಳಿಗೆ ಮೊದಲು ಬದಿಯ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಡಿಸಿ, ಆಮೇಲೆ ಇದೇ ಕ್ರಮ, 32 ಕುಣಿಕೆಯ ಮೇಲೆ ನೇರ. ಎಲ್ಲ ಸೇರಿ 30 ಗ್ರಾಂ ಒಳಗೇ ಮುಗಿಯುತ್ತದೆ.

ಒಂದು ವರ್ಷ ಒಗೆದು ಬಿಸಿಲಿಗೆ ಹಾಕಿದ ಬಣ್ಣ ಚೀಲದಲ್ಲಿದ್ದ ನೂಲಿಗಿಂತ ತುಸು ಮಾಸಿರುತ್ತದೆ. ಅದನ್ನು ಮುಚ್ಚಿಡಲು ಹೋಗಬೇಡಿ. ಸೇರಿಸುವ 12 ಸಾಲಿನಲ್ಲಿ ಮೊದಲ ನಾಲ್ಕನ್ನು ಬೇರೆಯೇ ಬಣ್ಣದಲ್ಲಿ ಪಟ್ಟೆಯಾಗಿ ಹೆಣೆಯಿರಿ, ತೋಳಿಗೂ ಹಾಗೇ. ಬೇಕೆಂದೇ ಮಾಡಿದ ವಿನ್ಯಾಸದಂತೆ ಕಾಣುತ್ತದೆ.

ಮೂರನೆಯ ಚಳಿಗಾಲಕ್ಕೆ ಅಗಲವೇ ಸಾಲದು, ಆಗ ಪೂರ್ತಿ ಬಿಚ್ಚಬೇಕು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ, ಹಾಗೇ ಹೆಣೆದರೆ ಕುಣಿಕೆ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಕೆಳತುದಿಗೆ ಒಂದು ಹ್ಯಾಂಗರ್ ಸಿಕ್ಕಿಸಿ ನೆರಳಲ್ಲಿ ನೇತುಹಾಕಿ. ಒಣಗುವಷ್ಟರಲ್ಲಿ ಸುರುಳಿ ಬಹುಮಟ್ಟಿಗೆ ನೇರವಾಗುತ್ತದೆ. ಇದಕ್ಕೆ 50 ಗ್ರಾಂ ಹೊಸ ನೂಲು ಸೇರಿಸಿದರೆ ಮೂರು ವರ್ಷದ ಮಗುವಿಗೆ ತೋಳಿಲ್ಲದ ಸ್ವೆಟರ್ ಆಗುತ್ತದೆ.